ಪವಿತ್ರ ವೃತ್ತಿ ಮತ್ತು ಹೆವಿ ಲೈಸೆನ್ಸ್

ಬಿ.ಇಡಿ. ಮಾಡಿದವನು ಲಾರಿ ಓಡಿಸುತ್ತಿದ್ದಾನೆ ಎಂದರೆ ಕೇಳಿದವರ ಬಾಯಲ್ಲಿ ಮೊದಲು ಬರುವ ಮಾತು 'ಅಯ್ಯೋ ಪಾಪ'. ಆ ಪಾಪ ಯಾರದ್ದು ಎಂಬ ಬಗ್ಗೆ ನನಗೆ ಒಂದಿಷ್ಟು ಹೇಳುವುದಿದೆ. ಒಂದು ವರ್ಷದ ಬಿ.ಇಡಿ. ಇದ್ದ ಕಾಲದಲ್ಲಿ ಗಣಿತ ಮತ್ತು ಭೌತವಿಜ್ಞಾನ ವಿಧಾನಗಳನ್ನು ತೆಗೆದುಕೊಂಡು ಇದೇ ಕಾಲೇಜಿನಲ್ಲಿ ಓದಿದವನು ನಾನು. 2012ರಿಂದ 2020ರವರೆಗೆ ಎಂಟು ವರ್ಷ ಒಂದು ಅನುದಾನರಹಿತ ಪ್ರೌಢಶಾಲೆಯಲ್ಲಿ ಪಾಠ ಮಾಡಿದೆ. ಈಗ ಹನ್ನೆರಡು ಚಕ್ರದ ಲಾರಿ ಓಡಿಸುತ್ತೇನೆ. ದಾವಣಗೆರೆಯಲ್ಲಿ ಮೆಕ್ಕೆಜೋಳ ತುಂಬಿಕೊಂಡು ತಮಿಳುನಾಡಿನ ನಾಮಕ್ಕಲ್ ಕಡೆಯ ಕೋಳಿ ಆಹಾರದ ಕಾರ್ಖಾನೆಗಳಿಗೆ ಇಳಿಸಿ ಬರುವುದು ನನ್ನ ಮುಖ್ಯ ಕೆಲಸ. ಅಭ್ಯಾಸ ಬೋಧನೆಯ ಸಂಚಿಕೆಗೆ ಬರೆದುಕೊಡು ಎಂದು ಗುರುಗಳೊಬ್ಬರು ಫೋನ್ ಮಾಡಿದಾಗ, "ಸಾರ್, ನಾನೀಗ ಬೋರ್ಡಿನ ಮುಂದೆ ಇಲ್ಲವಲ್ಲ" ಎಂದೆ. "ಅದಕ್ಕೇ ಕೇಳ್ತಿರೋದು ಕಣಯ್ಯ" ಎಂದರು.

ಶಿಕ್ಷಕ ವೃತ್ತಿ ಬಿಟ್ಟವರ ಬಗ್ಗೆ ಎರಡು ವಿವರಣೆಗಳು ಚಾಲ್ತಿಯಲ್ಲಿವೆ. ಒಂದು, ಅವನಿಗೆ ನಿಜವಾದ ಆಸಕ್ತಿ ಇರಲಿಲ್ಲ ಎಂಬುದು. ಇನ್ನೊಂದು, ಎಲ್ಲಾ ಕೊರೊನಾ ಮಾಡಿದ್ದು ಎಂಬುದು. ಎರಡನೆಯದರಲ್ಲಿ ಸ್ವಲ್ಪ ಸತ್ಯವಿದೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು, ಶುಲ್ಕ ಬರಲಿಲ್ಲ, ನಮ್ಮಂಥವರ ಸಂಬಳ ಮೊದಲು ಅರ್ಧವಾಯಿತು, ಆಮೇಲೆ ನಿಂತಿತು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ತಲಾ 5,000 ರೂಪಾಯಿ ನೆರವು ಘೋಷಿಸುವ ಹೊತ್ತಿಗೆ ನನ್ನ ಕೈಗೆ ಸ್ಟೇರಿಂಗ್ ಬಂದಾಗಿತ್ತು. ಆದರೆ ಶಾಲೆಗಳು ಮತ್ತೆ ತೆರೆದ ಮೇಲೂ ನಾನು ಹಿಂದಿರುಗಲಿಲ್ಲ. ಕೊರೊನಾ ಬಿಡಿಸಿದ್ದೇನೋ ನಿಜ, ಹಿಂದಿರುಗದಂತೆ ಮಾಡಿದ್ದು ಅದಲ್ಲ.

ನಮ್ಮ ಕಾಲೇಜುಗಳಲ್ಲಿ ಮೊದಲ ದಿನದಿಂದ ಬೀಳ್ಕೊಡುಗೆಯ ದಿನದವರೆಗೆ ಕಿವಿಗೆ ಬೀಳುವ ಮಾತೊಂದಿದೆ: ಶಿಕ್ಷಕ ವೃತ್ತಿ ಪವಿತ್ರವಾದದ್ದು. ಈ ಮಾತಿಗೆ ನ್ಯಾಯಾಲಯದಲ್ಲಿ ಎಷ್ಟು ಬೆಲೆ ತೆತ್ತಿದ್ದೇವೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಗೋವಾದ ಶಾಲಾ ಶಿಕ್ಷಕಿಯೊಬ್ಬರನ್ನು ಕೆಲಸದಿಂದ ತೆಗೆದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 1988ರಲ್ಲಿ ತೀರ್ಪು ಬಂತು. ಪಾಠ ಹೇಳುವುದು ದೈಹಿಕ ಕೆಲಸವೂ ಅಲ್ಲ, ಗುಮಾಸ್ತಿಕೆಯೂ ಅಲ್ಲ, ಅದು ಒಂದು ಧ್ಯೇಯದಂಥ ಉದಾತ್ತ ವೃತ್ತಿ. ಆದ್ದರಿಂದ ಕೈಗಾರಿಕಾ ವಿವಾದಗಳ ಕಾಯಿದೆಯ ಅರ್ಥದಲ್ಲಿ ಶಿಕ್ಷಕರು ಕೆಲಸಗಾರರಲ್ಲ ಎಂಬುದು ಅದರ ಸಾರ. 1996ರಲ್ಲಿ ಹರಿಯಾಣದ ಖಾಸಗಿ ಶಾಲೆಗಳ ಪ್ರಕರಣದಲ್ಲಿ ಅದೇ ದಾರಿ ಹಿಡಿದು, ಕನಿಷ್ಠ ವೇತನ ಕಾಯಿದೆಯ ಅಡಿಯಲ್ಲಿ ಶಿಕ್ಷಕರಿಗೆ ವೇತನ ಗೊತ್ತುಪಡಿಸಲು ಬರುವುದಿಲ್ಲ ಎಂದಾಯಿತು. ಉದಾತ್ತ ಎಂಬ ಪದ ಇಲ್ಲಿ ಹೊಗಳಿಕೆಯಾಗಿ ಬಂದಿಲ್ಲ, ಹೊರಗಿಡಲು ಕಾರಣವಾಗಿ ಬಂದಿದೆ. ಗ್ರ್ಯಾಚುಟಿಯ ಕಥೆಯೂ ಹೀಗೇ. 2004ರಲ್ಲಿ ಶಿಕ್ಷಕರು ಆ ಕಾಯಿದೆಯ 'ನೌಕರ' ಎಂಬ ವ್ಯಾಖ್ಯೆಗೆ ಬರುವುದಿಲ್ಲ ಎಂಬ ತೀರ್ಪು ಬಂತು. 2009ರಲ್ಲಿ ಸಂಸತ್ತು ತಿದ್ದುಪಡಿ ತಂದು 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಸೇರಿಸಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಆ ತೀರ್ಪಿನ ಸುದ್ದಿಯನ್ನು ನಾನು ಓದಿದ್ದು ಗೋದಾಮಿನ ಮುಂದೆ ಅನ್‌ಲೋಡಿಂಗ್ ಸರದಿಯಲ್ಲಿ ಕಾಯುತ್ತಾ. ಗಣಿತದ ಮೇಷ್ಟ್ರ ಚಾಳಿ, ಅಲ್ಲೇ ತೂಕದ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಕೊನೆಯ ಸಂಬಳ 11,000. ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಎಂಟು ವರ್ಷಕ್ಕೆ ಗುಣಿಸಿದರೆ 50,769 ರೂಪಾಯಿ. ಐದು ವರ್ಷ ಸೇವೆ ಪೂರೈಸಿದವರಿಗೆ ಇದು ಹಕ್ಕು. ಶಾಲೆಗೆ ಅರ್ಜಿ ಕಳಿಸಿದೆ. ನೇಮಕಾತಿ ಆದೇಶದ ಪ್ರತಿ ಕೊಡಿ ಎಂದರು. ಅವರು ಕೊಟ್ಟಿದ್ದರೆ ತಾನೇ ನನ್ನ ಹತ್ತಿರ ಇರುವುದು!

ಈಗ ಲಾರಿಯ ಲೋಕ ನೋಡಿ. ಅದೇನು ಧರ್ಮಛತ್ರವಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಎಂದು ಬರೆದಿಟ್ಟಿತು. ರಾತ್ರಿ ಎರಡು ಗಂಟೆಗೆ ಕೃಷ್ಣಗಿರಿ ಟೋಲ್ ದಾಟುವ ಯಾವ ಡ್ರೈವರಿಗೂ ಅದು ಕಂಡಿಲ್ಲ. ನನ್ನ ಮಾಲೀಕರೂ ಪಿಎಫ್ ಕಟ್ಟುವುದಿಲ್ಲ. ಸೊಂಟ ಹಿಡಿದುಕೊಳ್ಳುತ್ತದೆ, ಮಗಳ ಶಾಲಾ ವಾರ್ಷಿಕೋತ್ಸವವನ್ನು ಫೋನಿನಲ್ಲಿ ನೋಡುತ್ತೇನೆ, ದಾರಿಯಲ್ಲಿ ಕೈಯೊಡ್ಡುವವರಿಗೆ ಲೆಕ್ಕವಿಲ್ಲ. ಲಾರಿಗೆ ಬನ್ನಿ ಎಂದು ಯಾರನ್ನೂ ನಾನು ಕರೆಯುತ್ತಿಲ್ಲ.

ಆದರೂ ಒಂದು ವ್ಯತ್ಯಾಸವಿದೆ. ಸ್ಟೇರಿಂಗ್ ಹಿಡಿಯುವ ಮೊದಲೇ ಮಾತು ಸ್ಪಷ್ಟವಾಗಿರುತ್ತದೆ. ಟ್ರಿಪ್ಪಿಗೆ ಎಷ್ಟು, ದಿನದ ಬತ್ತಾ ಎಷ್ಟು, ಪಂಕ್ಚರ್ ಯಾರದ್ದು, ಅನ್‌ಲೋಡಿಂಗ್ ತಡವಾದರೆ ಕಾದ ದಿನಕ್ಕೆ ಏನು, ಚೀಲ ಕಡಿಮೆ ಬಂದರೆ ಯಾರ ತಲೆಗೆ. ಎಂಟನೇ ಕ್ಲಾಸು ಓದಿದ ಡ್ರೈವರು ಇಷ್ಟನ್ನೂ ಮಾಲೀಕರ ಮುಖ ನೋಡಿ ಕೇಳುತ್ತಾನೆ. ಕೇಳಿದ್ದಕ್ಕೆ ಅವನಿಗೆ ವೃತ್ತಿನಿಷ್ಠೆ ಇಲ್ಲ ಎಂದು ಯಾರೂ ಹೇಳುವುದಿಲ್ಲ. (ಎಂಟನೇ ಕ್ಲಾಸು ಎಂದದ್ದು ಸುಮ್ಮನೆ ಅಲ್ಲ, ಸಾರಿಗೆ ವಾಹನದ ಲೈಸೆನ್ಸಿಗೆ ಅಷ್ಟು ಓದಿರಬೇಕೆಂಬ ನಿಯಮ 2019ರವರೆಗೆ ಇತ್ತು, ಆಮೇಲೆ ಅದನ್ನೂ ತೆಗೆದರು.) ಎರಡು ಪದವಿ ಇದ್ದ ನಾನು ಶಾಲೆಯ ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಯಾವತ್ತಿಂದ ಬರಲಿ ಸಾರ್?" ಹಾಗೆ ಮಾತ್ರ ಕೇಳುವಂತೆ ನಮ್ಮನ್ನು ತಯಾರು ಮಾಡಲಾಗಿತ್ತು. ಪಾಠ ಯೋಜನೆಯ ಪ್ರತಿ ಹಂತಕ್ಕೂ ನಮೂನೆ ಇತ್ತು, ನೇಮಕಾತಿ ಆದೇಶ ಹೇಗಿರಬೇಕು ಎಂಬುದಕ್ಕೆ ಒಂದು ನಮೂನೆಯೂ ಇರಲಿಲ್ಲ.

ಎರಡನೆಯ ವ್ಯತ್ಯಾಸ ಕಲಿಕೆಗೆ ಸಂಬಂಧಿಸಿದ್ದು, ಈ ಪತ್ರಿಕೆಯ ಓದುಗರಿಗೆ ಅದು ಹೆಚ್ಚು ಹತ್ತಿರದ್ದು. ಲಾರಿಗೆ ನೇರವಾಗಿ ಯಾರನ್ನೂ ಬಿಡುವುದಿಲ್ಲ. ಲಘು ವಾಹನದ ಲೈಸೆನ್ಸ್ ಕೈಗೆ ಬಂದು ಒಂದು ವರ್ಷವಾದರೂ ಆಗಿರಬೇಕು, ಆಮೇಲೆಯೇ ಸಾರಿಗೆ ವಾಹನದ ಕಲಿಕಾ ಲೈಸೆನ್ಸ್. ಅದು ಕಾನೂನಿನ ಮಾತು. ರಸ್ತೆಯ ರೂಢಿ ಇನ್ನೂ ಬಿಗಿ. ಲೈಸೆನ್ಸ್ ಬಂದ ಮೇಲೂ ಸುಮಾರು ಏಳು ತಿಂಗಳು ಹಿರಿಯ ಡ್ರೈವರೊಬ್ಬರ ಪಕ್ಕದಲ್ಲಿ ಕೂತೆ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಮೊದಲು ತಾಡಪಾಲು ಕಟ್ಟುವುದು, ಟೈರು ತಟ್ಟಿ ಗಾಳಿ ನೋಡುವುದು. ಆಮೇಲೆ ಖಾಲಿ ಗಾಡಿ, ಹಗಲು ಹೊತ್ತು, ನೇರ ರಸ್ತೆ. ಆಮೇಲೆ ಲೋಡ್ ಗಾಡಿ. ರಾತ್ರಿ ಕೊಟ್ಟದ್ದು ನಾಲ್ಕು ತಿಂಗಳ ನಂತರ. ಘಾಟಿ ಎಲ್ಲಕ್ಕಿಂತ ಕೊನೆಗೆ.

ಧರ್ಮಪುರಿ ದಾಟಿ ಸೇಲಂ ಕಡೆ ಇಳಿಯುವಾಗ ತೊಪ್ಪೂರು ಘಾಟಿ ಸಿಗುತ್ತದೆ. ಬ್ರೇಕ್ ಕೈಕೊಟ್ಟು ಮುಂದಿನ ವಾಹನಗಳ ಮೇಲೆ ನುಗ್ಗಿದ ಲಾರಿಗಳಿಂದಲೇ ಹೆಸರಾದ ಜಾಗ ಅದು. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಸುವವರಿದ್ದಾರೆ. ಆಗ ಇಡೀ ಭಾರವನ್ನು ಬ್ರೇಕ್ ಒಂದೇ ಹಿಡಿಯಬೇಕು. ಉಜ್ಜಿ ಉಜ್ಜಿ ಕಾಯುತ್ತದೆ, ಕಾದಂತೆ ಹಿಡಿತ ಹೋಗುತ್ತದೆ. ಘರ್ಷಣೆಯಿಂದ ಉಷ್ಣ ಹುಟ್ಟುತ್ತದೆ ಎಂದು ನಾನು ಎಂಟು ವರ್ಷ ಅಂಗೈ ಉಜ್ಜಿಸಿ ಪಾಠ ಮಾಡಿದ್ದೆ. ಅಣ್ಣ ಹೇಳಿದ್ದು ಇಷ್ಟೇ: "ಹತ್ತೋಕೆ ಯಾವ ಗೇರು ಬೇಕೋ ಇಳಿಯೋಕೂ ಅದೇ ಗೇರು, ಮೇಷ್ಟ್ರೇ. ಬ್ರೇಕ್ ನಂಬ್ಕೊಂಡು ಇಳೀಬೇಡ್ರಿ." ಮೊದಲ ಸಲ ಅವರು ಇಳಿಸಿದರು, ನಾನು ನೋಡಿದೆ. ಎರಡನೇ ಸಲ ನಾನು ಇಳಿಸಿದೆ, ಅವರು ಮಾತಾಡಿದರು. ಮೂರನೇ ಸಲ ನಾನು ಇಳಿಸಿದೆ, ಅವರು ಸುಮ್ಮನೆ ಕೂತಿದ್ದರು. ಕೆಳಗೆ ಬಂದ ಮೇಲೆ ಟೀ ಕುಡಿಯುತ್ತಾ ಎಲ್ಲಿ ಗೇರ್ ತಡವಾಯಿತು ಎಂದು ಹೇಳಿದರು. ಮುಂದಿನ ವಾರ ಅದೇ ಘಾಟಿ, ಮತ್ತೆ.

ಇದನ್ನು ಓದುವಾಗ ನಿಮಗೆ ಸೂಕ್ಷ್ಮ ಬೋಧನೆ ನೆನಪಾಗಿರಬೇಕು. ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರು ಹಿಮ್ಮಾಹಿತಿ 6, ಒಟ್ಟು 36 ನಿಮಿಷದ ಚಕ್ರ. ಸಹಪಾಠಿಗಳೇ ಮಕ್ಕಳಾಗಿ ಕೂತು "ಟೀಚರ್, ಅರ್ಥ ಆಗ್ಲಿಲ್ಲ" ಎಂದು ನಟಿಸುವಾಗ ನಗು ತಡೆಯುತ್ತಿರಲಿಲ್ಲ. ಈಗ ಅನ್ನಿಸುತ್ತದೆ, ಇಡೀ ಬಿ.ಇಡಿ.ಯಲ್ಲಿ ಕಸುಬು ಕಲಿಸುವ ರೀತಿಗೆ ಅತಿ ಹತ್ತಿರವಾದದ್ದು ಅದೊಂದೇ. ತಪ್ಪು ಕಂಡ ತಕ್ಷಣ ಹೇಳುವವರಿದ್ದರು, ಮತ್ತೊಮ್ಮೆ ಮಾಡಲು ಅವಕಾಶವಿತ್ತು. ಕಾಲೇಜಿನ ಗೇಟು ದಾಟಿದ ಮೇಲೆ ಆ ಚಕ್ರ ನಿಂತುಹೋಯಿತು. ಶಾಲೆಗೆ ಸೇರಿದ ಮೊದಲ ದಿನವೇ ನನಗೆ ಆರು ಪೀರಿಯಡ್ಡು, ಅದರಲ್ಲಿ ಎಸ್ಸೆಸ್ಸೆಲ್ಸಿ ಗಣಿತ. ಲಾರಿಯ ಭಾಷೆಯಲ್ಲಿ ಹೇಳುವುದಾದರೆ ಮೊದಲ ದಿನವೇ ಫುಲ್ ಲೋಡು, ರಾತ್ರಿ, ಘಾಟಿ. ಎಂಟು ವರ್ಷದಲ್ಲಿ ಬಾಗಿಲ ಬಳಿ ನಿಂತು ಗಲಾಟೆ ಇದೆಯೇ ಎಂದು ನೋಡಿ ಹೋದವರಿದ್ದಾರೆ. ಹಿಂದಿನ ಬೆಂಚಿನಲ್ಲಿ ಕೂತು ಒಂದು ಪಾಠ ಪೂರ್ತಿ ನೋಡಿದವರು ಇಲ್ಲ. ಬೀಜಗಣಿತದಲ್ಲಿ ನನ್ನ ಮಕ್ಕಳು ಪ್ರತಿ ವರ್ಷ ಒಂದೇ ಜಾಗದಲ್ಲಿ ಎಡವುತ್ತಿದ್ದರು. ಅದು ಅವರ ತೊಂದರೆಯೋ ನನ್ನ ವಿವರಣೆಯದ್ದೋ ಎಂದು ಹೇಳಲು ಪಕ್ಕದಲ್ಲಿ ಒಬ್ಬ ಅಣ್ಣ ಇರಲಿಲ್ಲ.

2015ರಿಂದ ಬಿ.ಇಡಿ. ಎರಡು ವರ್ಷವಾಗಿದೆ, ಶಾಲಾ ಇಂಟರ್ನ್‌ಶಿಪ್ ಇಪ್ಪತ್ತು ವಾರಕ್ಕೆ ಏರಿದೆ. ಒಳ್ಳೆಯದೇ. ಆದರೆ ನಾನು ಕೇಳಿದಂತೆ ಅನೇಕ ಕಡೆ ಪ್ರಶಿಕ್ಷಣಾರ್ಥಿಗಳು ಬಂದರೆಂದರೆ ಮಾರ್ಗದರ್ಶಕ ಶಿಕ್ಷಕರು ತರಗತಿ ಒಪ್ಪಿಸಿ ಸ್ಟಾಫ್ ರೂಮಿಗೆ ಹೋಗುತ್ತಾರೆ. ಅವರನ್ನೂ ದೂರಲಾರೆ, ಬಾಕಿ ಉಳಿದ ದಾಖಲೆ ಕೆಲಸ ಅಷ್ಟಿರುತ್ತದೆ. ಆದರೆ ಅಣ್ಣ ಇಳಿದು ಹೋದ ಲಾರಿಯಲ್ಲಿ ಇಪ್ಪತ್ತು ವಾರ ಕೂತರೂ ಘಾಟಿ ಇಳಿಸಲು ಬರುವುದಿಲ್ಲ. ಪಾಠಗಳ ಸಂಖ್ಯೆ ಎಣಿಸುವ ಬದಲು, ಒಂದೇ ಘಟಕವನ್ನು ಒಬ್ಬ ಶಿಕ್ಷಕರ ಎದುರು ಎರಡು ವಿಭಾಗಗಳಿಗೆ ಎರಡು ಸಲ ಮಾಡಿಸಿ, ನಡುವೆ ಕೂತು ಮಾತಾಡುವ ವ್ಯವಸ್ಥೆ ಮಾಡಿದರೆ ಹೆಚ್ಚು ದುಡ್ಡು ಬೇಕಾಗುವುದಿಲ್ಲ. ವೇಳಾಪಟ್ಟಿ ಹೊಂದಿಸಿದರೆ ಸಾಕು.

ಸಂಬಳ, ಕರಾರುಗಳ ವಿಷಯ ತೆಗೆದರೆ ಒಂದು ಆಕ್ಷೇಪ ಬರುತ್ತದೆ, ಗುರುಗಳೇ ಫೋನಿನಲ್ಲಿ ಅದನ್ನು ಹೇಳಿದರು: "ಇದನ್ನೆಲ್ಲ ಮೊದಲೇ ಹೇಳಿದರೆ ಬಿ.ಇಡಿ.ಗೆ ಯಾರು ಬರ್ತಾರಪ್ಪ?" ಹೇಳದೆ ಕಳಿಸಿದರೆ ಯಾರು ಉಳಿಯುತ್ತಾರೆ ಎಂಬುದು ನನ್ನ ಮರುಪ್ರಶ್ನೆ. ನನ್ನ ಬ್ಯಾಚಿನಲ್ಲಿ ಅಭ್ಯಾಸ ಬೋಧನೆಗೆ ಒಟ್ಟಿಗೆ ಹೋದ ಎಂಟು ಜನರಲ್ಲಿ ಈಗ ತರಗತಿಯಲ್ಲಿರುವವರು ಮೂವರು. ಒಬ್ಬ ಮೆಡಿಕಲ್ ಶಾಪಿನಲ್ಲಿದ್ದಾನೆ, ಇಬ್ಬರು ವಿಮೆ ಮಾಡಿಸುತ್ತಾರೆ, ಒಬ್ಬಳು ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಇನ್ನೊಬ್ಬ ನಾನು. ನಮ್ಮಲ್ಲಿ ಯಾರಿಗೂ ಕಾಲೇಜಿನಿಂದ "ಯಾಕೆ ಬಿಟ್ಟಿರಿ?" ಎಂಬ ಫೋನು ಈವರೆಗೆ ಬಂದಿರಲಿಲ್ಲ. ಹಳೆಯ ವಿದ್ಯಾರ್ಥಿಗಳ ಸಭೆಗೆ ಕರೆಸಿ ಶಾಲು ಹೊದಿಸುವುದು ಸರ್ಕಾರಿ ನೌಕರಿ ಸಿಕ್ಕವರಿಗೆ. ಡ್ರೈವರಿಗೆ ಶಾಲು ಹೊದಿಸಿ ಎನ್ನುತ್ತಿಲ್ಲ, ಸೆಕೆಗೆ ಅದು ಬೇಡವೂ ಬೇಡ. ಬಿಟ್ಟವರ ಹೇಳಿಕೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ ಎನ್ನುತ್ತಿದ್ದೇನೆ. ವೀಕ್ಷಣಾ ಪುಸ್ತಕವನ್ನು ಅಷ್ಟು ಅಚ್ಚುಕಟ್ಟಾಗಿ ಇಡುವ ನಮಗೆ ಅದು ಕಷ್ಟವಲ್ಲ.

ಪಾಠ ಮಾಡುವುದು ತಪ್ಪಿದ್ದಕ್ಕೆ ಬೇಸರ ಇಲ್ಲವೇ ಎಂದರೆ, ಇದೆ. ಢಾಬಾದಲ್ಲಿ ಯಾವನೋ ಕ್ಲೀನರ್ ಹುಡುಗ ಟನ್ನಿನ ಲೆಕ್ಕದಲ್ಲಿ ತಡವರಿಸಿದರೆ ಕೈ ತಾನಾಗಿ ಸೀಮೆಸುಣ್ಣ ಹುಡುಕುತ್ತದೆ. ಆದರೆ ತಿಂಗಳಿಗೆ ಐದು ಟ್ರಿಪ್ ಆದರೆ ಕೈಗೆ 25 ಸಾವಿರ ಬರುತ್ತದೆ, ಬೇಸಿಗೆ ರಜೆ ಎಂದು ಎರಡು ತಿಂಗಳ ಸಂಬಳ ಕತ್ತರಿಸುವವರು ಇಲ್ಲ. ಮನೆ ನಡೆಸುವವನು ಈ ಎರಡನ್ನೂ ತಕ್ಕಡಿಗೆ ಹಾಕಲೇಬೇಕಾಗುತ್ತದೆ.

ಈ ಸಲ ಇಂಟರ್ನ್‌ಶಿಪ್‌ಗೆ ಹೊರಡುತ್ತಿರುವವರಿಗೆ ಒಂದು ಕೆಲಸ ಸೂಚಿಸುತ್ತೇನೆ. ನೀವು ಹೋದ ಶಾಲೆಯ ಹಾಜರಾತಿ, ಕ್ರಿಯಾಯೋಜನೆ, ಪ್ರಗತಿ ಪತ್ರಗಳನ್ನು ಹೇಗೂ ನೋಡುತ್ತೀರಿ. ಅಲ್ಲಿನ ಕಿರಿಯ ಶಿಕ್ಷಕರೊಬ್ಬರ ಜೊತೆ ಊಟದ ಬಿಡುವಿನಲ್ಲಿ ಕೂತು, ಅವರಿಗೆ ನೇಮಕಾತಿ ಆದೇಶ ಕೈಗೆ ಕೊಟ್ಟಿದ್ದಾರೆಯೇ, ಪಿಎಫ್ ಸಂಖ್ಯೆ ಇದೆಯೇ, ಏಪ್ರಿಲ್-ಮೇ ಸಂಬಳ ಬರುತ್ತದೆಯೇ, ಸೇರಿದ ಮೇಲೆ ಯಾರಾದರೂ ಅವರ ಪಾಠ ಪೂರ್ತಿ ನೋಡಿದ್ದಾರೆಯೇ ಎಂದು ವಿಚಾರಿಸಿ. ಕರ್ನಾಟಕ ಶಿಕ್ಷಣ ಕಾಯಿದೆ, 1983 ಎಂಬುದೊಂದಿದೆ, ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆದರೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು ಎಂಬುದು ಅವರಿಗೆ ಗೊತ್ತಿದೆಯೇ ಎಂದೂ ಕೇಳಿ. ಅವರ ಹೆಸರು, ಶಾಲೆಯ ಹೆಸರು ಬರೆಯಬೇಡಿ, ಉತ್ತರ ಮಾತ್ರ ಬರೆದುಕೊಂಡು ಬನ್ನಿ. ಅದನ್ನು ಕಾಲೇಜಿನಲ್ಲಿ ಒಂದು ಮಧ್ಯಾಹ್ನ ಕೂತು ಓದಿ. ನಾನು ಸಾಮಾನ್ಯವಾಗಿ ಭಾನುವಾರ ರಾತ್ರಿ ಲೋಡ್ ಮಾಡಿಸಿಕೊಂಡು ಹೊರಡುತ್ತೇನೆ, ಶನಿವಾರ ಊರಲ್ಲಿರುತ್ತೇನೆ. ಕರೆದರೆ ಬರುತ್ತೇನೆ. ಲಾರಿಗೆ ನಮ್ಮ ಕಾಲೇಜಿನ ಗೇಟು ಸಾಲದು, ಬೈಕಿನಲ್ಲೇ ಬರುತ್ತೇನೆ.