ದೋಣಿ ಹತ್ತುವ ಮುನ್ನ

“ಸರ್, ಕಾರವಾರಕ್ಕ ಬೇಕಾದ್ರ ಕಳಸ್ತೀನ್ರಿ. ದೋಣಿ ಮಾತ್ರ ಹತ್ತಿಸಬ್ಯಾಡ್ರಿ.”

ಶಾಲಾ ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಹಿರೇಕೆರೂರಿನ ಒಬ್ಬ ತಾಯಿ ಹೇಳಿದ ಮಾತಿದು. ಅವರ ಅಂಜಿಕೆಗೆ ಕಾರಣವಿತ್ತು. 2019ರ ಜನವರಿ 21ರಂದು ಕಾರವಾರ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 15ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ನಮ್ಮ ಹಾವೇರಿ ಜಿಲ್ಲೆಯವರೂ ಇದ್ದರು.

“ಸಮುದ್ರಕ್ಕೆ ಹೋಗುವುದಿಲ್ಲ, ಕಾಳಿ ನದಿ ದಾಟುತ್ತೇವೆ ಅಷ್ಟೇ. ಲೈಫ್ ಜಾಕೆಟ್ ಇಲ್ಲದಿದ್ದರೆ ಅದೂ ಇಲ್ಲ” ಎಂದೆ. ಅರೆಮನಸ್ಸಿನಿಂದ ಸಹಿ ಹಾಕಿದರು.

ನಮ್ಮ ಕಡೆಯ ಮಕ್ಕಳಿಗೆ ನೀರೆಂದರೆ ಮದಗದ ಕೆರೆ. ಅದು ಮಳೆಗಾಲಕ್ಕೆ ಏರಿ ಬೇಸಿಗೆಗೆ ಇಳಿಯುತ್ತದೆ. ಕಾರವಾರದ ಕಡಲು ದಿನಕ್ಕೆ ಎರಡು ಬಾರಿ ಏರಿ ಇಳಿಯುತ್ತದೆ. ಚಂದ್ರ ಮತ್ತು ಸೂರ್ಯರ ಸೆಳೆತವೇ ಇದಕ್ಕೆ ಕಾರಣ. ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಈ ಏರಿಳಿತ ಇನ್ನೂ ಹೆಚ್ಚು. ಅಳಿವೆಯಲ್ಲಿ ಉಬ್ಬರದ ನೀರು ನದಿಯೊಳಕ್ಕೆ ನುಗ್ಗುತ್ತದೆ, ಇಳಿತದಲ್ಲಿ ಹಿಂದೆ ಸರಿಯುತ್ತದೆ.

1883ರಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ರವೀಂದ್ರನಾಥ ಟಾಗೋರರು ಒಂದು ಬೆಳದಿಂಗಳ ರಾತ್ರಿ ಕಾಳಿಯಲ್ಲಿ ದೋಣಿ ವಿಹಾರ ಮಾಡಿದರು. ಇಳಿತದ ಸೆಳವಿನ ಜೊತೆ ತೇಲಿ ಮರಳಿ, ಅಳಿವೆಯಲ್ಲಿಳಿದು ಮರಳ ಮೇಲೆ ಮನೆಗೆ ನಡೆದರು. ಹೊತ್ತು ನೋಡಿ ಹೊರಟರೆ ನೀರೇ ನೆರವಾಗುತ್ತದೆ.

ನಾವು ಸದಾಶಿವಗಡದ ಕಡೆಯಿಂದ ಹೊರಟೆವು. ಅಳಿವೆಯತ್ತ ಡಾಲ್ಫಿನ್ ಒಂದು ಬೆನ್ನು ತೋರಿಸಿತು. “ಅಲ್ನೋಡ್ರಿ!” ಎಂದು ಎಲ್ಲರೂ ಒಂದೇ ಬದಿಗೆ ಎದ್ದರು. ದೋಣಿ ವಾಲಿತು. “ಕೂತ್ಕೊಳ್ಳಿ!” ಎಂದು ಅಂಬಿಗ ಗದರಿದ. ನಾಚಿಕೆಯ ಮಾತೆಂದರೆ, ಮೊದಲು ಎದ್ದವನು ನಾನೇ. ಗುರುತ್ವಕೇಂದ್ರದ ಪಾಠವನ್ನು ಇಷ್ಟು ವರ್ಷ ಕಪ್ಪುಹಲಗೆಯ ಮೇಲೆ ಮಾಡಿದವನಿಗೆ ಅದು ಅಂಬಿಗನ ಬಾಯಿಂದ ತಿಳಿಯಿತು. ಜನ ಎದ್ದು ನಿಂತರೆ ದೋಣಿಯ ಗುರುತ್ವಕೇಂದ್ರ ಮೇಲಕ್ಕೇರುತ್ತದೆ. ಒಂದೇ ಬದಿಗೆ ಸರಿದರೆ ಅದು ಆ ಕಡೆಗೆ ಜರುಗುತ್ತದೆ. ಭಾರ ಹೆಚ್ಚಾಗಿದ್ದರೆ ದೋಣಿಯ ಅಂಚು ಮೊದಲೇ ನೀರಿಗೆ ಹತ್ತಿರವಿರುತ್ತದೆ. ಆಗ ಒಂದು ಅಲೆ ಸಾಕು.

ಕೋಡಿಬಾಗದಲ್ಲಿಳಿದು ಟಾಗೋರರ ಹೆಸರಿನ ಕಡಲತೀರಕ್ಕೆ ಬಂದೆವು. ಗಾಳಿಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಈ ಮರದ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಹಾಗಾಗಿಯೇ ಅದು ಬರಿ ಮರಳಿನಲ್ಲೂ ಬೆಳೆಯುತ್ತದೆ.

ಅಲ್ಲೇ ‘ಚಪಲ್’ ಯುದ್ಧನೌಕೆ ನಿಂತಿದೆ. 1976ರಲ್ಲಿ ನೌಕಾಪಡೆ ಸೇರಿ, 2005ರಲ್ಲಿ ನಿವೃತ್ತಿಯಾಗಿ, ಮರುವರ್ಷ ವಸ್ತುಸಂಗ್ರಹಾಲಯವಾಯಿತು. “ಮೊಳೆ ಮುಳುಗತೈತಿ, ಇಷ್ಟು ದೊಡ್ಡದು ಹೆಂಗ ತೇಲ್ತಿತ್ರಿ ಸರ್?” ಎಂದು ಒಬ್ಬ ಹುಡುಗ ಕೇಳಿದ. ತುಂಬಿದಾಗ ಇದರ ತೂಕ ಸುಮಾರು 245 ಟನ್. ಒಳಗೆ ಟೊಳ್ಳಾಗಿರುವುದರಿಂದ ಅಷ್ಟೇ ತೂಕದ ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ತೇಲುತ್ತದೆ. ಗಟ್ಟಿ ಮೊಳೆಗೆ ಅದು ಆಗದು. ಇದೇ ಆರ್ಕಿಮಿಡೀಸನ ತತ್ವ.

ಮಕ್ಕಳೇ, ಮನೆಯಲ್ಲಿ ಬಕೆಟ್ ನೀರಿನಲ್ಲಿ ಸ್ಟೀಲ್ ಬಟ್ಟಲು ತೇಲಿಸಿ. ಹರಳುಗಳನ್ನು ನಡುವೆ ಇಡಿ. ನಂತರ ಎಲ್ಲವನ್ನೂ ಒಂದು ಬದಿಗೆ ಸರಿಸಿ. ಏನಾಗುತ್ತದೆ ನೋಡಿ.

ಪಾಲಕರೇ, ಮಕ್ಕಳನ್ನು ನೀರಿನಿಂದ ದೂರವೇ ಇಟ್ಟರೆ ಅಂಜಿಕೆ ಉಳಿಯುತ್ತದೆ, ತಿಳಿವಳಿಕೆ ಬರುವುದಿಲ್ಲ. ಮೂರು ಪ್ರಶ್ನೆ ಕೇಳಲು ಕಲಿಸಿ: ಈ ದೋಣಿಗೆ ಎಷ್ಟು ಜನ? ಎಲ್ಲರಿಗೂ ಜಾಕೆಟ್ ಇದೆಯೇ? ಈಗ ಉಬ್ಬರವೋ ಇಳಿತವೋ? ಸರಿಯಾದ ಉತ್ತರ ಸಿಗದಿದ್ದರೆ ದಂಡೆಯಲ್ಲೇ ನಿಲ್ಲುವುದು ಹೇಡಿತನವಲ್ಲ.

ಊರಿಗೆ ಬಂದ ಮೇಲೆ ಆ ತಾಯಿ ಸಿಕ್ಕಿದ್ದರು. “ನಮ್ಮ ಹುಡುಗಿ ದಿನಾ ಬಟ್ಟಲಾ ತೇಲಸ್ತಾಳ್ರಿ” ಎಂದು ನಕ್ಕರು.