ಮುನಿಸಿಗೂ ಒಂದು ಮಾತು ಬೇಕು

ಮಕ್ಕಳಿಗೆ ಓದು, ಬರಹ, ಲೆಕ್ಕಗಳೊಡನೆ ತಮ್ಮ ಮನಸ್ಸನ್ನು ತಾವು ಅರಿಯುವ, ನಾಲ್ವರೊಡನೆ ಹೊಂದಿ ಬಾಳುವ ಶಿಕ್ಷಣವನ್ನೂ ಕೊಡಬೇಕೆಂಬ ಮಾತು ಈಚೆಗೆ ಎಲ್ಲೆಡೆಯೂ ಕೇಳಿಬರುತ್ತಿದೆ. 2018ರಲ್ಲಿ ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ಇದಕ್ಕೆಂದೇ ದಿನಕ್ಕೊಂದು ಅವಧಿ ಮೀಸಲಾಯಿತು; 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದನ್ನು ಎತ್ತಿ ಹೇಳಿತು. ಉದ್ದೇಶ ಒಳ್ಳೆಯದೇ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಿರಿಯ ಪ್ರಾಥಮಿಕ ಶಾಲೆಗಳನ್ನು ಕಣ್ಣ ಮುಂದಿಟ್ಟುಕೊಂಡು ಯೋಚಿಸಿದರೆ, ಈ ಪ್ರಶ್ನೆಯ ಬೇರು ಭಾಷೆಯಲ್ಲಿದೆ ಎಂದು ತೋರುತ್ತದೆ.

ಮಲೆನಾಡಿನಲ್ಲಿ ಮನೆಗಳು ತೋಟಕ್ಕೊಂದು, ಕಣಿವೆಗೊಂದು. ಆರು ವರ್ಷದವರೆಗೆ ಮನೆಯವರನ್ನಲ್ಲದೆ ಹೆಚ್ಚು ಜನರನ್ನು ಕಾಣದ ಮಗು ಶಾಲೆಯಲ್ಲಿ ಮೊದಲ ಬಾರಿಗೆ ಸಮಾಜವನ್ನು ಕಾಣುತ್ತದೆ. ಪಕ್ಕದಲ್ಲಿ ಕುಳಿತವನ ಮನೆಮಾತು ತುಳುವಿರಬಹುದು, ಕೊಂಕಣಿಯಿರಬಹುದು, ಮಲಯಾಳವಿರಬಹುದು. ಕಾಫಿ ತೋಟದ ಕೆಲಸಕ್ಕೆಂದು ದೂರದ ಅಸ್ಸಾಮಿನಿಂದ ಬಂದವರ ಮಗುವೂ ಇರಬಹುದು. ಯಾರೋ ಸ್ಲೇಟು ಕಿತ್ತುಕೊಂಡರೆ ಮಾತು ಬಲ್ಲ ಮಗು ‘ಅದು ನಂದು, ಕೊಡು’ ಎನ್ನುತ್ತದೆ. ಮಾತು ಬಾರದ ಮಗು ಹೊಡೆಯುತ್ತದೆ, ಇಲ್ಲವೆ ಮೂಲೆ ಸೇರುತ್ತದೆ. ನಾವು ಒಬ್ಬನನ್ನು ತುಂಟನೆಂದೂ ಇನ್ನೊಬ್ಬನನ್ನು ಮಂಕನೆಂದೂ ಕರೆದು ಕೈತೊಳೆದುಕೊಳ್ಳುತ್ತೇವೆ.

ಕನ್ನಡದಲ್ಲಿ ಸಿಟ್ಟು ಬೇರೆ, ಮುನಿಸು ಬೇರೆ. ಹೆದರಿಕೆ ಬೇರೆ, ಅಳುಕು ಬೇರೆ. ತನ್ನೊಳಗಿರುವುದು ಯಾವುದೆಂದು ಹೆಸರಿಸಬಲ್ಲ ಮಗು ಅದನ್ನು ಆಳುವುದನ್ನೂ ಕಲಿಯತೊಡಗುತ್ತದೆ. ಭರತಮುನಿ ಎಂಟು ಸ್ಥಾಯಿಭಾವಗಳನ್ನು ಎಣಿಸಿದ. ಓದು ಬಾರದವರೂ ಯಕ್ಷಗಾನದ ರಂಗಸ್ಥಳದಲ್ಲಿ ಕ್ರೋಧವನ್ನೂ ಶೋಕವನ್ನೂ ಗುರುತಿಸುತ್ತಾರೆ. ಈ ತಿಳಿವು ನಮಗೆ ಹೊಸದೇನೂ ಅಲ್ಲ. ಅದು ಒಂದನೆಯ ತರಗತಿಯ ಬಾಗಿಲನ್ನು ದಾಟಿ ಒಳಗೆ ಬಂದಿಲ್ಲ, ಅಷ್ಟೆ.

ಬರಲು ದಾರಿಯಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ನಾಡಿನಾದ್ಯಂತ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಗಳ ಮಕ್ಕಳು ಗುಂಪುಗೂಡಿ ಕಲಿಯುತ್ತಾರೆ. ದೊಡ್ಡವರು ಚಿಕ್ಕವರಿಗೆ ನೆರವಾಗುತ್ತಾರೆ. ಸರದಿ ಕಾಯುವುದು, ಹಂಚಿಕೊಳ್ಳುವುದು, ಸೋಲನ್ನು ಸಹಿಸುವುದು ಅಲ್ಲಿ ಸಹಜವಾಗಿಯೇ ಬರಬೇಕು. ಆದರೆ ಜಗಳವಾಡಿದ ಇಬ್ಬರನ್ನೂ ಕೂರಿಸಿ ‘ಏನಾಯಿತು, ಹೇಳು’ ಎಂದು ಕೇಳುವ ಬಿಡುವು ಶಿಕ್ಷಕರಿಗೆ ಇರಬೇಡವೆ? 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಒಬ್ಬರೇ ಎಲ್ಲ ತರಗತಿಗಳನ್ನೂ ಬಿಸಿಯೂಟದ ಲೆಕ್ಕವನ್ನೂ ನೋಡಬೇಕಾದ ಕಡೆ ಉಳಿಯುವ ಪಾಠ ‘ಸುಮ್ಮನಿರು’ ಎಂಬುದೊಂದೇ.

ಪೇಟೆಯ ಇಂಗ್ಲಿಷ್ ಶಾಲೆಗೆ ವ್ಯಾನು ಹತ್ತುವ ಮಗುವಿನ ಕಷ್ಟ ಇನ್ನೊಂದು ಬಗೆಯದು. ಅದು ತನ್ನ ಅಳಲನ್ನು ಮನೆಯಲ್ಲಿ ಯಾರೂ ಆಡದ ನುಡಿಯಲ್ಲಿ ಹೇಳಬೇಕು. ಪ್ರೊ. ಸುಖದೇವ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿಯಲ್ಲಿ, ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಲೆಂದು ಸಲಹೆ ಮಾಡಿತು. ಆ ಸಲಹೆಯನ್ನು ಉದ್ಯೋಗದ ತಕ್ಕಡಿಯಲ್ಲಿ ಮಾತ್ರ ತೂಗಿದರೆ ಸಾಲದು. ಅಳುವ ಮಗುವಿನ ಕಡೆಯಿಂದಲೂ ತೂಗಿ ನೋಡಬೇಕು.

ಹೊಸ ಪಠ್ಯಪುಸ್ತಕ ಸದ್ಯಕ್ಕೆ ಬೇಡ. ಪ್ರತಿ ಶಾಲೆಗೆ ಎರಡನೆಯ ಶಿಕ್ಷಕರೊಬ್ಬರು ಬರಲಿ. ದಿನಕ್ಕೆ ಹತ್ತು ನಿಮಿಷ ಮಕ್ಕಳು ತಮ್ಮ ಮನಸ್ಸಿನಲ್ಲಿದ್ದುದನ್ನು ಮೊದಲು ಮನೆಮಾತಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಲಿ. ಕನ್ನಡದ ಅವಧಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇರೆ ಯಾವುದಿದೆ?