ಕಟ್ಟಿದರೆ ಸಾಲದು, ಕಾಪಾಡಬೇಕು

ಶಿಕಾರಿಪುರ, ಸೊರಬಗಳಲ್ಲಿ ಶಾಲೆಯೋ ಸಮುದಾಯ ಭವನವೋ ತಲೆಯೆತ್ತುವಾಗ ನಾವು ಕೇಳುವುದು ಮಂಜೂರಾದ ಮೊತ್ತವನ್ನು ಮಾತ್ರ. ಮಳೆಗೆ ಚಾವಣಿ ಸೋರಿದಾಗ ದುರಸ್ತಿಗೆ ಹಣವೆಲ್ಲಿಂದ?

ಶಿಕಾರಿಪುರ ತಾಲೂಕಿನ ತಾಳಗುಂದದ ಶಾಸನವು ಕದಂಬ ಕಾಕುಸ್ಥವರ್ಮನು ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಕೆರೆಗಳ ಪಾಲನೆಗೆಂದೇ ಭೂಮಿಯನ್ನು ಮೀಸಲಿಡುವ ‘ಬಿತ್ತುವಟ್ಟ’ ಎಂಬ ಪದ್ಧತಿಯೂ ಕನ್ನಡ ನಾಡಿನಲ್ಲಿತ್ತು. ಅದೇ ವಿವೇಕಕ್ಕೆ ಇಂದಿನ ಸಾಧನ ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್. ಕಂಪ್ಯೂಟರಿನಲ್ಲಿ ರಚಿಸುವ ಕಟ್ಟಡದ ಈ ಪ್ರತಿರೂಪದಲ್ಲಿ ಪ್ರತಿಯೊಂದು ಕೊಳವೆ, ತಂತಿ, ಚಾವಣಿಯ ಆಯುಷ್ಯವನ್ನೂ ಬದಲಾವಣೆಯ ವೆಚ್ಚವನ್ನೂ ದಾಖಲಿಸಬಹುದು. ಬ್ರಿಟನ್ ಸರಕಾರ 2016ರಲ್ಲಿ ತನ್ನ ಕಾಮಗಾರಿಗಳಿಗೆ ಇದನ್ನು ಕಡ್ಡಾಯಗೊಳಿಸಿತು.

ಸಣ್ಣ ಶಾಲೆಗೆ ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. ಅದೇ ವಿವರಗಳುಳ್ಳ ಒಂದು ದಾಖಲೆ ಪುಸ್ತಕವೂ ಸಾಕು. ಇಂದು ಅಗ್ಗವೆನಿಸಿದ ಟೆಂಡರ್ ಮೂವತ್ತು ವರ್ಷಗಳಲ್ಲಿ ದುಬಾರಿಯಾಗಬಹುದು. ಆದ್ದರಿಂದ ಉದ್ಘಾಟನೆಯ ದಿನವೇ ಪಾಲನೆಯ ಲೆಕ್ಕವನ್ನೂ ಕೇಳೋಣ. ತೆರಿಗೆ ಕಟ್ಟುವವರಿಗೆ ಆ ಹಕ್ಕಿದೆ.